ಫ್ಲೆಕ್ಸಿನಲ್ಲಿ ನಗುತ್ತಿರುವ ಹನುಮಯ್ಯನವರ ಎದೆನೋವು

ಆಸ್ಪತ್ರೆಯ ಅಧೀಕ್ಷಕರಾದ ಮಾನ್ಯರೇ,

ನಿಮ್ಮ ಗೇಟಿನ ಫ್ಲೆಕ್ಸಿನಲ್ಲಿ ಶಾಲು ಹೊದ್ದು ನಗುತ್ತಿರುವ ಹನುಮಯ್ಯ ನಮ್ಮ ಯಜಮಾನರು. ಅವರಿಗೆ ಮತ್ತೆ ಎದೆನೋವು ಶುರುವಾಗಿದೆ. ನಿಮ್ಮ ಆಸ್ಪತ್ರೆ ಅದನ್ನು ನಂಬಲು ತಯಾರಿಲ್ಲ.

ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಮಿಷನ್ ಮುಂದೆ ಕುಸಿದುಬಿದ್ದ ಅವರಿಗೆ 2006ರಲ್ಲಿ ನಿಮ್ಮಲ್ಲೇ ಬೈಪಾಸ್ ಆಯಿತು. ಕಾಲಿನ ರಕ್ತನಾಳ ತೆಗೆದು ಎದೆಗೆ ಹೊಲಿದು ಬದುಕಿಸಿದಿರಿ. ಆ ಉಪಕಾರ ಸಾಯುವವರೆಗೂ ಮರೆಯುವುದಿಲ್ಲ. ಆದರೆ ಒಂದೆರಡು ವರ್ಷ ಕಳೆದ ಮೇಲೆ ನೀವು ಅವರನ್ನು ಕರೆಸಿದ್ದು ತಪಾಸಣೆಗಲ್ಲ, ವಾರ್ಷಿಕೋತ್ಸವಕ್ಕೆ. ಪ್ಯಾಂಟು ಮಡಚಿಸಿ ಕಾಲಿನ ಹೊಲಿಗೆ ಗುರುತು ತೋರಿಸಿದಿರಿ, ಮೈಕು ಕೊಟ್ಟು "ನಂಗೀಗ ಏನೂ ಇಲ್ಲ ಸಾರ್, ಗುಂಡ್ಕಲ್ ಇದ್ದಂಗಿದೀನಿ" ಎಂದು ಹೇಳಿಸಿದಿರಿ, ಶಾಲು ಹೊದಿಸಿ ತೆಗೆದ ಫೋಟೋವನ್ನು ಗೇಟಿನ ಫ್ಲೆಕ್ಸಿಗೆ ಹಾಕಿಸಿದಿರಿ. ಚಪ್ಪಾಳೆ ತಟ್ಟಿದ ಅಷ್ಟೊಂದು ಡಾಕ್ಟರುಗಳಲ್ಲಿ ಒಬ್ಬರಾದರೂ ಅವರ ಎದೆಗೆ ಸ್ಟೆತಾಸ್ಕೋಪ್ ಇಟ್ಟರೇ?

ಈಗ ಲಗ್ಗೆರೆಯ ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ಅರ್ಧಕ್ಕೇ ಕೂತುಬಿಡುತ್ತಾರೆ. ಕೇಳಿದರೆ, "ಸುಮ್ಕಿರೇ, ಗ್ಯಾಸು. ಅಷ್ಟು ಜನದ ಮುಂದೆ ಏನೂ ಇಲ್ಲ ಅಂದ್ಬಿಟ್ಟು ಈಗ ಯಾವ ಮುಖ ಇಟ್ಕೊಂಡು ಹೋಗ್ಲಿ?" ಎನ್ನುತ್ತಾರೆ. ನೋವು ಬಂದದ್ದಕ್ಕೆ ರೋಗಿಯೇ ನಾಚಿಕೊಳ್ಳಬೇಕಂತೆ! ಜಗಳವಾಡಿ ಕರೆತಂದರೆ ನಿಮ್ಮ ಕಿರಿಯ ವೈದ್ಯರು, "ಓಹೋ, ನಮ್ಮ ಫ್ಲೆಕ್ಸ್ ಹೀರೋ! ಬೈಪಾಸ್ ಆಗಿದೆಯಲ್ಲಮ್ಮ, ಇನ್ನೇನು ಭಯ?" ಎಂದು ಗ್ಯಾಸಿನ ಮಾತ್ರೆ ಬರೆದರು. ಒಂದು ಇಸಿಜಿಯನ್ನೂ ಮಾಡಿಸಲಿಲ್ಲ.

ಚಿಕ್ಕಬಾಣಾವರದ ಡಾಕ್ಟರೊಬ್ಬರು ನಮ್ಮನ್ನು ಕೂರಿಸಿಕೊಂಡು ಹೇಳಿದರು: "ಕಾಲಿನ ನಾಳ ಹಾಕಿದ್ರೆ, ಹತ್ತು ವರ್ಷ ಆದ್ಮೇಲೆ ಸುಮಾರು ಜನಕ್ಕೆ ಅದೂ ಕಟ್ಕೊಳುತ್ತೆ ಕಣಮ್ಮ. ಆಂಜಿಯೋಗ್ರಾಮ್ ಬೇಗ ಆಗ್ಬೇಕು. ಆಪರೇಷನ್ ಮಾಡಿದ ಕಡೆಗೇ ಹೋಗಿ." ಮಾನ್ಯರೇ, ಇದು ತಮಗೆ ಗೊತ್ತಿರಲಿಲ್ಲವೇ? ಅಥವಾ ಶಾಲು ಹೊದಿಸುವ ಗಡಿಬಿಡಿಯಲ್ಲಿ ಹೇಳಲು ಪುರುಸೊತ್ತಾಗಲಿಲ್ಲವೇ? ನನಗಂತೂ ಜೀವ ಕೈಯಲ್ಲಿ ಹಿಡಿದಂತಾಗಿದೆ. ಅವರು ಸ್ನಾನಕ್ಕೆ ಹೋದರೂ ಚಿಲಕ ಹಾಕಿಕೊಳ್ಳಬೇಡಿ ಎನ್ನುತ್ತೇನೆ.

ಈ ವರ್ಷದ ಸಮಾರಂಭಕ್ಕೂ ನಿಮ್ಮ ಕಚೇರಿಯಿಂದ ಫೋನು ಬಂದಿದೆ. ಪುಣ್ಯಾತ್ಮ ಆಗಲೇ ಬಿಳಿ ಷರಟಿಗೆ ಇಸ್ತ್ರಿ ಹಾಕಿಸಿಟ್ಟಿದ್ದಾರೆ. ಸೋಮವಾರ ನಾನೇ ಕರೆದುಕೊಂಡು ಬರುತ್ತೇನೆ, ವೇದಿಕೆಗಲ್ಲ, ಆಂಜಿಯೋಗ್ರಾಮಿಗೆ. ಏನೂ ಇಲ್ಲ ಎಂದು ಅವರು ಹೇಳೇ ಹೇಳುತ್ತಾರೆ. ನಂಬಬೇಡಿ, ಹಾಗೆ ಹೇಳುವುದನ್ನು ಕಲಿಸಿದವರು ನೀವೇ.

ಇನ್ನೊಂದು ಮಾತು. ಮೊನ್ನೆ ಆಯುಧಪೂಜೆಯ ದಿನ ಗೇಟು, ಆಂಬುಲೆನ್ಸುಗಳಿಗೆ ಹೂವು ಹಾಕಿದ ನಿಮ್ಮ ಸಿಬ್ಬಂದಿ, ಪ್ರೀತಿಯಿಂದಲೇ ಇರಬೇಕು, ಆ ಫ್ಲೆಕ್ಸಿಗೂ ಒಂದು ಚೆಂಡುಹೂವಿನ ಹಾರ ಹಾಕಿದ್ದಾರೆ. ಫೋಟೋಗೆ ಯಾವಾಗ ಹಾರ ಹಾಕುತ್ತಾರೆಂದು ನಿಮಗೂ ಗೊತ್ತು. ದಯವಿಟ್ಟು ಮೊದಲು ಅದನ್ನು ತೆಗೆಸಿ.

ಇಂತಿ,
ಇನ್ನೂ ಕುಂಕುಮವಿಟ್ಟುಕೊಂಡೇ ಬರೆಯುತ್ತಿರುವ
ನಾಗಲಕ್ಷ್ಮಮ್ಮ, ಲಗ್ಗೆರೆ