ಹನ್ನೆರಡು ಗಿಡಕ್ಕೆ ಒಂದೇ ಚೀಟಿ

‘ಕೋಣೆಗೊಂದು ಗಿಡ’ ಯೋಜನೆಯ ಮಾನ್ಯ ನಿರ್ದೇಶಕರೇ,

ತಾವು ಹಂಚಿದ ಗಿಡದ ಎಲೆ ಕಚ್ಚಿ ನಮ್ಮ ಕಟ್ಟಡದ ಮೂರನೇ ಮಹಡಿಯ ಮೂರೂವರೆ ವರ್ಷದ ಮಗು ಎರಡು ದಿನ ಆಸ್ಪತ್ರೆಯಲ್ಲಿ ಮಲಗಿತ್ತು. ಆ ಗಿಡಕ್ಕೆ ತಾವು ಕಟ್ಟಿ ಕಳಿಸಿದ ಚೀಟಿಯಲ್ಲಿ ‘ಮಕ್ಕಳಿರುವ ಮನೆಗೂ ಸಾಕುಪ್ರಾಣಿಗಳಿರುವ ಮನೆಗೂ ಸಂಪೂರ್ಣ ಸುರಕ್ಷಿತ’ ಎಂದಿತ್ತು. ಈ ಕುರಿತು ತಮಗೆ ಮೂರು ಪತ್ರ ಬರೆದೆ, ಎರಡು ಸಲ ಖುದ್ದಾಗಿ ಕಚೇರಿಗೆ ಬಂದೆ. ಒಂದೇ ಒಂದು ಉತ್ತರ ಬಂತು. ಅದನ್ನು ಓದಿದ ಮೇಲೆ ನಾಲ್ಕನೆಯ ಪತ್ರವನ್ನು ಊರಿಗೆಲ್ಲ ಕಾಣುವ ಹಾಗೆ ಪತ್ರಿಕೆಯಲ್ಲೇ ಬರೆಯುವುದು ಎಂದು ತೀರ್ಮಾನಿಸಿದೆ.

ಮೊದಲು ಆ ಉತ್ತರದ ಸೊಗಸನ್ನು ನಾಲ್ಕು ಜನ ನೋಡಲಿ. ‘ಸದರಿ ಸಸ್ಯವನ್ನು ಅಲಂಕಾರಿಕ ಉದ್ದೇಶಕ್ಕಾಗಿ ವಿತರಿಸಲಾಗಿದ್ದು, ಆಹಾರ ಪದಾರ್ಥವಾಗಿ ವಿತರಿಸಿರುವುದಿಲ್ಲ. ಮೇಲಾಗಿ, ಪ್ರಶ್ನಿತ ಕುಂಡದಲ್ಲಿದ್ದ ಚೀಟಿಯು ಈ ಕಚೇರಿಯ ಮುದ್ರಿತ ಚೀಟಿಯಾಗಿರದೆ ಖಾಸಗಿ ವ್ಯಕ್ತಿಯೊಬ್ಬರ ಕೈಬರಹವಾಗಿರುವುದರಿಂದ ಕಚೇರಿಯು ಹೊಣೆಯಾಗಿರುವುದಿಲ್ಲ. ವಿಷಯವನ್ನು ಮುಕ್ತಾಯಗೊಳಿಸಲಾಗಿದೆ.’ ಆಹಾ! ಮೂರೂವರೆ ವರ್ಷದ ಯಾವ ಮಗು ಒಂದು ವಸ್ತುವನ್ನು ಬಾಯಿಗೆ ಹಾಕುವ ಮೊದಲು ಅದರ ವಿತರಣೆಯ ಉದ್ದೇಶವನ್ನು ವಿಚಾರಿಸಿಕೊಳ್ಳುತ್ತದೆ, ಸ್ವಾಮಿ? ತಮ್ಮ ಮನೆಯ ಮಕ್ಕಳು ಅಷ್ಟು ಶಿಸ್ತಿನವರಾಗಿದ್ದರೆ ಸಂತೋಷ. ನಮ್ಮ ಕಟ್ಟಡದ ಮಕ್ಕಳು ಚಪ್ಪಲಿ, ಸೋಪು, ಬೀಗದ ಕೈ ಎಲ್ಲದರ ರುಚಿ ನೋಡಿಯೇ ಬೆಳೆದವರು. ಉತ್ತರದ ಎರಡನೆಯ ವಾಕ್ಯ ಮಾತ್ರ ನಿಜ. ಆ ಕೈಬರಹ ನನ್ನದು. ಅದು ಹೇಗೆ ನನ್ನದಾಯಿತು ಎಂಬುದನ್ನು ತಾವು ಕೇಳಲಿಲ್ಲ, ನಾನೇ ಹೇಳುತ್ತೇನೆ.

ನಾನು ಔಷಧಿ ಕಾರ್ಖಾನೆಯೊಂದರ ಲೇಬಲ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವಳು. ಸೀಸೆಗೆ ಅಂಟುವ ಮೊದಲು ಪ್ರತಿ ಲೇಬಲ್ಲಿನ ಮೊದಲ ಹಾಳೆ ನನ್ನ ಮೇಜಿಗೆ ಬರುತ್ತಿತ್ತು. ದೀಪದ ಕೆಳಗೆ ಹರಡಿಕೊಂಡು, ಉಕ್ಕಿನ ಅಡ್ಡಪಟ್ಟಿ ಇಟ್ಟು, ಸಾಲು ಸಾಲಾಗಿ ಓದಿ ಸಹಿ ಹಾಕಬೇಕು. ಒಮ್ಮೆ ಕೆಮ್ಮಿನ ಸಿರಪ್ಪಿನ ಲೇಬಲ್ಲಿನಲ್ಲಿ ‘ಮಕ್ಕಳ ಕೈಗೆ ಸಿಗದಂತೆ ಇಡಿ’ ಎಂಬ ಸಾಲೇ ಬಿಟ್ಟುಹೋಗಿತ್ತು. ಯಂತ್ರ ನಿಲ್ಲಿಸಿಬಿಟ್ಟೆ. ಮೇಲ್ವಿಚಾರಕರು ಓಡಿಬಂದು ಕೂಗಾಡಿದರು: “ಒಂದು ಸಾಲಿಗೆ ಇಡೀ ದಿನದ ಕೆಲಸ ಹಾಳು ಮಾಡ್ತೀಯಲ್ಲಮ್ಮ, ಯಾರು ಓದ್ತಾರೆ ಅದನ್ನ?” ನಾನು ಜಗ್ಗಲಿಲ್ಲ. ಸಾಲು ಸೇರಿದ ಮೇಲೆಯೇ ಯಂತ್ರ ಓಡಿತು. ಇಷ್ಟು ವರ್ಷ ಆ ಕೆಲಸ ಮಾಡಿದವಳಿಗೆ ಒಂದು ಭ್ರಮೆ ಹುಟ್ಟಿಬಿಡುತ್ತದೆ. ಜಗತ್ತಿನಲ್ಲಿ ಮುದ್ರೆ ಬಿದ್ದ ಯಾವುದೇ ಚೀಟಿಯ ಹಿಂದೆ ತನ್ನಂಥವಳೊಬ್ಬಳು ಅಡ್ಡಪಟ್ಟಿ ಹಿಡಿದು ಕೂತಿರುತ್ತಾಳೆ ಎಂಬ ಭ್ರಮೆ. ತಮ್ಮ ಚೀಟಿಯ ಮೇಲೆ ಮುದ್ರೆ ಇತ್ತು.

ನಿವೃತ್ತಿಯಾದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಮದುವೆಯಾಗಲಿಲ್ಲ. ಜೊತೆಗಿದ್ದ ಅಕ್ಕ ತೀರಿಕೊಂಡಳು. ಈ ಕಟ್ಟಡಕ್ಕೆ ಬಂದು ಒಂಬತ್ತು ವರ್ಷವಾದರೂ ಲಿಫ್ಟಿನಲ್ಲಿ ಸಿಕ್ಕವರಿಗೆ ತಲೆಯಾಡಿಸುವುದಕ್ಕಿಂತ ಮುಂದೆ ಹೋಗಿರಲಿಲ್ಲ. ಕೆಲವು ದಿನ ಸಂಜೆಯ ಹೊತ್ತಿಗೆ, ಬೆಳಗಿನಿಂದ ಬಾಯಿಂದ ಒಂದು ಮಾತೂ ಹೊರಟಿಲ್ಲವೆಂದು ನೆನಪಾಗಿ, ಗಂಟಲು ಸರಿಯಿದೆಯೋ ಇಲ್ಲವೋ ಎಂದು ಸುಮ್ಮನೆ ಕೆಮ್ಮಿ ನೋಡಿದ್ದೂ ಉಂಟು. ಅಂಥ ಸಮಯದಲ್ಲಿ ತಮ್ಮ ಯೋಜನೆ ಬಂತು. ಸಾಲಿನಲ್ಲಿ ನಿಂತು ಒಂದು ಕುಂಡ ತಂದೆ. ಅಂಗೈಗಿಂತ ದೊಡ್ಡ ಹಸಿರೆಲೆ, ನಡುವೆ ಸುಣ್ಣ ಚಿಮುಕಿಸಿದ ಹಾಗೆ ಬಿಳಿ ಚುಕ್ಕೆ. ದಪ್ಪ ಕಾಂಡ ತುಂಡು ಮಾಡಿ ನೀರಲ್ಲಿಟ್ಟರೆ ಎರಡು ವಾರಕ್ಕೆ ಬೇರು. ಏಳು ಸಸಿ ಮಾಡಿದೆ, ಏಳು ಮನೆಗೆ ಕೊಟ್ಟೆ. ಗಿಡದ ಮೇಲಿನ ಪ್ರೀತಿಯಿಂದ ಕೊಟ್ಟೆ ಎಂದು ಸುಳ್ಳೇಕೆ ಹೇಳಲಿ? ನಾಲ್ಕು ಮನೆಯ ಬೆಲ್ ಒತ್ತಲು ನನಗೊಂದು ನೆಪ ಬೇಕಾಗಿತ್ತು. ಚೀಟಿ ಇಲ್ಲದೆ ಒಂದು ವಸ್ತುವನ್ನು ಇನ್ನೊಬ್ಬರ ಕೈಗೆ ಕೊಡುವುದು ನನ್ನ ಜಾಯಮಾನವಲ್ಲ. ಹಾಗಾಗಿ ತಮ್ಮ ಚೀಟಿಯನ್ನು ಏಳು ರಟ್ಟಿನ ತುಂಡಿನ ಮೇಲೆ ದುಂಡಗಿನ ಅಕ್ಷರದಲ್ಲಿ ನಕಲು ಮಾಡಿ, ಎರಡೆರಡು ಸಲ ಮೂಲದೊಂದಿಗೆ ಹೋಲಿಸಿ ನೋಡಿ, ಒಂದೊಂದು ಗಿಡಕ್ಕೆ ಕಟ್ಟಿದೆ. ಒಂದಕ್ಷರ ತಪ್ಪಿರಲಿಲ್ಲ.

ಆರು ಮನೆಯವರು ಬಾಗಿಲಲ್ಲೇ ಥ್ಯಾಂಕ್ಸ್ ಹೇಳಿದರು. ಮೂರನೇ ಮಹಡಿಯವಳು ಒಬ್ಬಳು ಒಳಗೆ ಕರೆದಳು. ದಂತವೈದ್ಯರ ಕ್ಲಿನಿಕ್ಕಿನಲ್ಲಿ ಹೆಸರು ಬರೆದುಕೊಳ್ಳುವ ಕೆಲಸ ಅವಳದು. ಗಂಡನಿಲ್ಲ, ಮಗಳೊಬ್ಬಳಿದ್ದಾಳೆ. ಆ ಮಗಳಿಗೆ ತಾಯಿಯೇ ಇಟ್ಟ ಅಡ್ಡಹೆಸರು ರೇಡಿಯೋ, ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಬಿಡುವಿಲ್ಲ. ಮೊದಲ ದಿನವೇ ನನ್ನ ಸೆರಗು ಹಿಡಿದು, “ಅಜ್ಜೀ, ನಿಮ್ಮನೇಲಿ ಯಾರ್ಯಾರಿದಾರೆ?” ಎಂದಳು. ಯಾರೂ ಇಲ್ಲ ಎಂದೆ. “ಅಯ್ಯೋ, ಮತ್ತೆ ಯಾರನ್ನ ಬೈತೀರಾ?” ಎಂದು ಕೇಳಿದಳು. ಆಮೇಲೆ ವಾರಕ್ಕೆ ಮೂರು ಮಧ್ಯಾಹ್ನ, ತಾಯಿ ಬರುವವರೆಗೆ, ಅವಳು ನನ್ನ ಮನೆಯಲ್ಲಿರುತ್ತಿದ್ದಳು. ನನ್ನನ್ನು ಬೈಯುವ ಕೆಲಸವನ್ನೂ ಅವಳೇ ವಹಿಸಿಕೊಂಡಿದ್ದಳು. ಎಂಟು ತಿಂಗಳು ನಾನು ಬಹಳ ಸುಖವಾಗಿದ್ದೆ.

ಆ ದಿನ ತಾಯಿಗೆ ರಜೆ. ಹನ್ನೊಂದು ಗಂಟೆಗೆ ಮೇಲಿನಿಂದ ಚೀರಾಟ ಕೇಳಿತು, ಬರಿಗಾಲಲ್ಲೇ ಹತ್ತಿ ಹೋದೆ. ಮಗು ಜೊಲ್ಲು ಸುರಿಸುತ್ತಾ ಬಾಯಿಗೆ ಎರಡೂ ಕೈ ತುರುಕಿಕೊಂಡು ಅಳುತ್ತಿತ್ತು. ತಾಯಿ ಗಾಬರಿಯಲ್ಲಿ ಗಿಡದ ಕಡೆ ಕೈತೋರಿಸಿ, “ಆಂಟಿ, ಆ ಎಲೆ ತುದಿ ಹರಿದಿದೆ ನೋಡಿ, ಅದನ್ನೇ ತಿಂದ್ಲೇನೋ!” ಎಂದಳು. ಮಾನ್ಯರೇ, ಅವಳಿಗೆ ಮೊದಲ ನಿಮಿಷದಲ್ಲೇ ಸರಿಯಾಗಿ ಗೊತ್ತಾಗಿತ್ತು. ತಪ್ಪು ಹೇಳಿದವಳು ನಾನು. “ಗಿಡ ಅಲ್ಲಮ್ಮ, ಗಿಡದಿಂದ ಏನೂ ಆಗಲ್ಲ, ಚೀಟೀಲೇ ಇದೆಯಲ್ಲ” ಎಂದು ಆ ರಟ್ಟನ್ನು ಹಿಡಿದು ಗಟ್ಟಿಯಾಗಿ ಓದಿದೆ. ಸಂಪೂರ್ಣ ಸುರಕ್ಷಿತ ಎಂದು ಎರಡು ಸಲ ಓದಿದೆ. ಅವಳು ನಂಬಿದಳು. ಇಬ್ಬರೂ ಸೇರಿ ಮಂಚದ ಕೆಳಗೆ ತಡಕಾಡಿದೆವು, ಬ್ಯಾಟರಿ ನುಂಗಿದಳೋ, ಬಟ್ಟೆ ಒಗೆಯುವ ಪುಡಿ ನೆಕ್ಕಿದಳೋ, ಇರುವೆ ಕಚ್ಚಿತೋ ಎಂದು. ಆಟಿಕೆಗಳ ಬ್ಯಾಟರಿಗಳನ್ನು ಒಂದೊಂದೇ ಬಿಚ್ಚಿ ಎಣಿಸಿದೆವು. ನಲವತ್ತು ನಿಮಿಷ ಹೋಯಿತು. ಅಷ್ಟರಲ್ಲಿ ನಾಲಿಗೆ ಊದಿ ಬಾಯೊಳಗೆ ಹಿಡಿಸದಂತಾಗಿತ್ತು. ಅಳುವಿನ ಸದ್ದು ಕೂಡ ನಿಂತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು, “ಏನು ತಿಂದ್ಲು?” ಎಂದರು. ತಾಯಿ, “ಗೊತ್ತಿಲ್ಲ ಡಾಕ್ಟ್ರೇ, ಗಿಡ ಅಂತೂ ಅಲ್ಲ, ಅದು ಸೇಫಂತೆ” ಎಂದಳು. ಡಾಕ್ಟರು ಮಗುವಿನ ಹಲ್ಲಿನ ಸಂದಿಯಿಂದ ಒಂದು ಹಸಿರು ಚೂರು ತೆಗೆದು ಬೆಳಕಿಗೆ ಹಿಡಿದರು. “ಯಾರು ಹೇಳಿದ್ದು ಸೇಫು ಅಂತ?” ತಾಯಿ ತಿರುಗಿ ನನ್ನನ್ನು ನೋಡಿದಳು. ಆ ಎಲೆಯ ರಸದಲ್ಲಿ ಕಣ್ಣಿಗೆ ಕಾಣದ ಸೂಜಿಯಂಥ ಹರಳುಗಳಿರುತ್ತವೆ, ಅಗಿದ ಕೂಡಲೇ ಬಾಯಿ, ಗಂಟಲಿಗೆಲ್ಲ ಚುಚ್ಚಿಕೊಳ್ಳುತ್ತವೆ, ಊತ ಗಂಟಲಿಗಿಳಿದರೆ ಉಸಿರಿಗೇ ಸಂಚಕಾರ ಎಂದು ಡಾಕ್ಟರು ವಿವರಿಸಿದರು. “ತಕ್ಷಣ ಬಾಯಿ ಒರೆಸಿ ಕರ್ಕೊಂಡು ಬಂದಿದ್ರೆ ಇಷ್ಟಾಗ್ತಿರಲಿಲ್ಲ” ಎಂದರು. ನಮ್ಮ ರೇಡಿಯೋ ಐದು ದಿನ ಮಾತಾಡಲಿಲ್ಲ. ಈಗ ಆರೋಗ್ಯವಾಗಿದ್ದಾಳೆ.

ಮರುದಿನ ಉಳಿದ ಆರು ಗಿಡಗಳನ್ನು ವಾಪಸು ತರಲು ಹೊರಟೆ. ಐದು ಕುಂಡ ಬೇಗ ಕೈಗೆ ಬಂದವು. ನಾಲ್ಕನೇ ಮಹಡಿಯ ವಿಮೆ ಏಜೆಂಟರು ಬಾಗಿಲನ್ನು ಅರ್ಧ ತೆರೆದು, “ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನ್ರೀ? ಅಂದಹಾಗೆ, ನೀವು ಯಾವ ಬಿಲ್ಡಿಂಗಿನವರು?” ಎಂದರು. ಈ ಬಿಲ್ಡಿಂಗಿನವಳೇ ಎಂದೆ. ಕುಂಡ ಎತ್ತಿಕೊಂಡು ಇಳಿದೆ.

ನೆಲಮಹಡಿಯಲ್ಲಿ ಒಬ್ಬ ಟೈಲರ್ ಇದ್ದಾರೆ. ಅವರಿಗೆ ನಾನು ಗಿಡ ಕೊಟ್ಟಿರಲಿಲ್ಲ, ಎಚ್ಚರಿಸೋಣವೆಂದು ಹೋದೆ. ಕಿಟಕಿಯಲ್ಲಿ ತಮ್ಮದೇ ಯೋಜನೆಯ ಕುಂಡ, ಲಿಲ್ಲಿ ಹೂವಿನದು. ಅದಕ್ಕೂ ಅದೇ ಚೀಟಿ, ಅದೇ ವಾಕ್ಯ. ಅವರ ಬೆಕ್ಕು ಎರಡು ತಿಂಗಳ ಹಿಂದೆ ಸತ್ತಿತ್ತು. ಮೂರೇ ವರ್ಷದ್ದು, ದಾರದುಂಡೆಯ ಜೊತೆ ಹುಚ್ಚೆದ್ದು ಕುಣಿಯುತ್ತಿದ್ದ ಬೆಕ್ಕು. ವಾಂತಿ ಮಾಡಿತು, ನೀರು ಕುಡಿಯುವುದನ್ನೂ ಬಿಟ್ಟಿತು, ನಾಲ್ಕೇ ದಿನದಲ್ಲಿ ಹೋಯಿತು. ಹೇಳಲೋ ಬೇಡವೋ ಎಂದು ನಿಂತುಬಿಟ್ಟೆ. ಹಿಂದಿನ ರಾತ್ರಿ ಓದಿ ತಿಳಿದದ್ದನ್ನು ಕೊನೆಗೆ ಹೇಳಿದೆ: ಈ ಹೂವಿನ ಪುಡಿ ಮೈಗೆ ಅಂಟಿ, ಅದನ್ನು ನೆಕ್ಕಿಕೊಂಡರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದಂತೆ. ಟೈಲರ್ ಅಳತೆಯ ಟೇಪನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ, “ಹೂ ಪಕ್ಕದಲ್ಲೇ ಕೂತು ಮೂಸ್ತಾ ಇರೋದು. ಚೆನ್ನಾಗಿ ಕಾಣ್ತಿತ್ತು, ನಾನೇ ಫೋಟೋ ತೆಗೆದಿದ್ದೆ” ಎಂದರು. ಅವರ ಒಪ್ಪಿಗೆ ಪಡೆದೇ ಇದನ್ನು ಇಲ್ಲಿ ಬರೆಯುತ್ತಿದ್ದೇನೆ.

ತಮ್ಮ ಕಚೇರಿಗೆ ಬಂದ ದಿನ ಕೌಂಟರಿನ ಗುಮಾಸ್ತರು ಒಳ್ಳೆಯವರು, ಕುರ್ಚಿ ಕೊಟ್ಟರು. ಬೀರು ತೆರೆದು ಚೀಟಿಯ ಕಟ್ಟುಗಳನ್ನೂ ತೋರಿಸಿದರು. “ಹನ್ನೆರಡು ಜಾತಿ ಗಿಡ ಅಮ್ಮಾ. ಹನ್ನೆರಡು ಥರ ಚೀಟಿ ಮಾಡಿಸಿದ್ರೆ ಕಟ್ಟೋರಿಗೆ ಗೊಂದಲ ಆಗುತ್ತೆ. ಅದಕ್ಕೇ ಎಲ್ಲಕ್ಕೂ ಒಂದೇ. ಒಳ್ಳೇ ಮಾತೇ ಬರೆಸಿದೀವಲ್ಲ?” ಇದನ್ನು ಪರಿಶೀಲಿಸಿದವರು ಯಾರು ಎಂದೆ. ಅವರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. “ಅಕ್ಷರ ತಪ್ಪೇನೂ ಇಲ್ವಲ್ಲಮ್ಮ” ಎಂದರು. ಗ್ರಂಥಾಲಯದಲ್ಲಿ ಕೂತು ತಮ್ಮ ಹನ್ನೆರಡನ್ನೂ ಒಂದೊಂದಾಗಿ ಹುಡುಕಿದೆ. ನಾಲ್ಕು ನಿರುಪದ್ರವಿ. ಉಳಿದ ಎಂಟು ಮಗುವಿಗೋ ನಾಯಿಗೋ ಬೆಕ್ಕಿಗೋ ಹೆಚ್ಚು ಕಡಿಮೆ ಕೇಡು ಮಾಡುವಂಥವು. ಗಿಡವನ್ನು ನಾನು ದೂರುತ್ತಿಲ್ಲ. ಅದು ತನ್ನ ಎಲೆಯನ್ನು ತಾನು ಕಾಪಾಡಿಕೊಳ್ಳುತ್ತದೆ, ‘ನಾನು ಸುರಕ್ಷಿತ’ ಎಂದು ಯಾರಿಗೂ ಹೇಳಿಕೊಂಡು ಬಂದಿಲ್ಲ. ಎತ್ತರದಲ್ಲಿಡಿ, ಮಗು ಬಾಯಿಗೆ ಹಾಕಿದರೆ ಕೂಡಲೇ ಆಸ್ಪತ್ರೆಗೆ ಓಡಿ ಎಂದು ಒಂದು ಸಾಲು ಮುದ್ರಿಸಿದ್ದರೆ ತಮ್ಮ ಯೋಜನೆಯ ಹಸಿರೇನು ಬಾಡಿಹೋಗುತ್ತಿತ್ತೇ? ಏನೂ ಬರೆಯದಿದ್ದರೂ ಆಗುತ್ತಿತ್ತು. ಖಾಲಿ ಚೀಟಿಯಿದ್ದರೆ ಆ ತಾಯಿ ತನ್ನ ಕಣ್ಣನ್ನೇ ನಂಬುತ್ತಿದ್ದಳು.

ಆದ್ದರಿಂದ ನನ್ನ ಬೇಡಿಕೆ. ಈ ಚೀಟಿಯನ್ನು ಮನೆ ಮನೆಯಿಂದ ಹಿಂಪಡೆದು, ಗಿಡಕ್ಕೊಂದರಂತೆ ನಿಜ ಹೇಳುವ ಚೀಟಿ ಕಟ್ಟಿಸಿ. ಎಂಟು ಗಿಡಗಳ ಹೆಸರನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿ. ಇಷ್ಟು ಊರಿಗಾಗಿ. ನನಗಾಗಿ ಕೇಳುವುದು ಇನ್ನೊಂದಿದೆ. ಕಚೇರಿಯಿಂದ ಒಬ್ಬರು ನಮ್ಮ ಕಟ್ಟಡಕ್ಕೆ ಬಂದು, ಮೂರನೇ ಮಹಡಿ ಹತ್ತಿ, ‘ಆ ವಾಕ್ಯ ನಮ್ಮದು, ಕೆಳಗಿನ ಮನೆಯವರು ನಕಲು ಮಾಡಿದ್ದು ಅಷ್ಟೇ’ ಎಂದು ಆ ತಾಯಿಗೆ ಹೇಳಬೇಕು. ನಲವತ್ತು ನಿಮಿಷವನ್ನು ತಮ್ಮ ತಲೆಗೆ ಕಟ್ಟುತ್ತಿಲ್ಲ. ಅದು ನನ್ನದು, ಸಾಯುವವರೆಗೂ ನನ್ನದೇ. ವಾಕ್ಯ ಮಾತ್ರ ತಮ್ಮದು, ತೆಗೆದುಕೊಂಡು ಹೋಗಿ.

ನೀವೇ ಹೇಳಬಹುದಲ್ಲ ಎನ್ನುತ್ತೀರಿ. ಮುದ್ರಿತ ಚೀಟಿಯನ್ನು ಹಿಡಿದು ಹೋಗಿದ್ದೆ. ಅವಳು ಜಗಳವಾಡಲಿಲ್ಲ, ಆಡಿದ್ದರೆ ಚೆನ್ನಾಗಿತ್ತು. ಬಾಗಿಲ ಚಿಲಕದ ಮೇಲೆ ಕೈಯಿಟ್ಟುಕೊಂಡೇ, “ಆಂಟಿ, ನಿಮ್ಮ ಮೇಲೆ ಕೋಪ ಇಲ್ಲ. ಆದ್ರೆ ಈಗ ನೀವು ಏನು ಓದಿ ಹೇಳಿದ್ರೂ ನಂಗೆ ಭಯ ಆಗುತ್ತೆ” ಎಂದಳು. ಮಧ್ಯಾಹ್ನಗಳಲ್ಲಿ ಮಗು ಈಗ ಬೇರೆ ಕಡೆ ಇರುತ್ತದೆ. ಹೋದ ಮಂಗಳವಾರ ಮೆಟ್ಟಿಲ ತಿರುವಿನಲ್ಲಿ ಇಬ್ಬರೂ ಎದುರಾದರು. ನಾನು ಗೋಡೆಗೆ ಸರಿದು ದಾರಿ ಬಿಟ್ಟೆ. ರೇಡಿಯೋ ನನ್ನ ಮುಖ ನೋಡಿದಳು, ತಾಯಿಯ ಕೈ ಜಗ್ಗಿದಳು. “ಅಮ್ಮಾ, ಈ ಅಜ್ಜಿ ಜೊತೆ ಮಾತಾಡಬಹುದಾ?” ಎಂದು ಕೇಳಿದಳು. ತಾಯಿ ಚೀಲದ ಪಟ್ಟಿ ಸರಿಮಾಡಿಕೊಳ್ಳುತ್ತಾ ನಿಂತಳೇ ಹೊರತು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಮಗು ಇನ್ನೂ ಉತ್ತರಕ್ಕೆ ಕಾಯುತ್ತಿದೆ, ಮಾನ್ಯರೇ. ಬಂದು ಹೇಳಿ.

ಇಂತಿ,
ಎರಡನೇ ಮಹಡಿಯ,
ಸದ್ಯಕ್ಕೆ ಮಾತಾಡಿಸಬಾರದ ಅಜ್ಜಿ