ತವರಿಗೆ ಬಂದ ಹನ್ನೆರಡು ಕತ್ತರಿಗಳು

ಆಮದು ಸುಂಕ ನಿಗದಿಪಡಿಸುವ ಮಾನ್ಯ ಸಚಿವರೇ,

ಬಂದರಿನ ನಿಮ್ಮ ಉಗ್ರಾಣದಲ್ಲಿ ನಮ್ಮ ಹನ್ನೆರಡು ಕತ್ತರಿಗಳು ಐದು ವಾರಗಳಿಂದ ಬಿದ್ದಿವೆ. ಅವು ನೆರೆದೇಶದ ಸರಕು ಎಂಬುದು ನಿಮ್ಮ ಅಧಿಕಾರಿಗಳ ವಾದ. ಅವನ್ನು ಮಾಡಿದವನು ನನ್ನ ಅಣ್ಣ, ನಮ್ಮದೇ ಕಾರ್ಖಾನೆಯ ಕಿಟಕಿ ಪಕ್ಕದ ಮೇಜಿನಲ್ಲಿ. ಗಡಿಯಾಚೆಯ ಹೊಲಿಗೆ ಶಾಲೆಯೊಂದು ಅವನ್ನು ಕೊಂಡು ಹದಿನಾಲ್ಕು ವರ್ಷವಾಯಿತು. ನಮ್ಮಲ್ಲೊಂದು ಪದ್ಧತಿಯಿದೆ: ಕತ್ತರಿ ಎಲ್ಲಿಗೇ ಹೋಗಿರಲಿ, ಮೊಂಡಾದರೆ ಮರಳಿ ಬರಬೇಕು, ಮಾಡಿದವನೇ ಸಾಣೆ ಹಿಡಿದು ಕೊಡಬೇಕು. ಅದಕ್ಕೆಂದೇ ತಿರುಪಿನ ಅಡಿಯಲ್ಲಿ, ಯಾರಿಗೂ ಕಾಣದ ಕಡೆ, ಅವನ ಗುರುತಿರುತ್ತದೆ. ತವರಿಗೆ ಬಂದ ಮಗಳನ್ನು ಹೊಸ್ತಿಲಲ್ಲೇ ನಿಲ್ಲಿಸಿ, ನೀನು ಯಾವ ದೇಶದವಳು ಎಂದು ವಿಚಾರಿಸಿ ಸುಂಕ ಕೇಳುವ ಕಾನೂನನ್ನು ನಾನು ಈವರೆಗೆ ಕಂಡಿರಲಿಲ್ಲ.

ಎರಡು ಅಲಗು, ಒಂದು ತಿರುಪು. ಕತ್ತರಿಯಲ್ಲಿ ಇನ್ನೇನಿದೆ ಎಂದು ತಮಗೆ ಅನ್ನಿಸಬಹುದು. ಅಲಗುಗಳೆರಡೂ ತುಸು ಬಾಗಿರಬೇಕು, ಬಟ್ಟೆ ಕತ್ತರಿಸುವ ಜಾಗದಲ್ಲಷ್ಟೇ ಒಂದನ್ನೊಂದು ಮುಟ್ಟುತ್ತಾ ತುದಿಯವರೆಗೆ ಸಾಗಬೇಕು. ಅಣ್ಣ ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ಆ ಬಾಗು ತರುತ್ತಾನೆ, ಕಿವಿಯ ಬಳಿ ಹಿಡಿದು ತೆರೆದು ಮುಚ್ಚುತ್ತಾನೆ, ಸದ್ದು ಸರಿಬಂದರೆ ಕೆಳಗಿಡುತ್ತಾನೆ. ಅದು ಕೈವಶವಾಗಲು ಅವನಿಗೆ ಒಂಬತ್ತು ವರ್ಷ ಹಿಡಿಯಿತು. ನಾನೂ ಕಲಿಯಲು ಕೂತಿದ್ದೆ. ಮೂರನೇ ವರ್ಷ ಅಪ್ಪ, "ನಿನ್ನ ಕಿವಿ ಇರೋದು ಹರಟೆ ಕೇಳೋಕೆ. ಎದ್ದು ಹೋಗಿ ವ್ಯಾಪಾರ ನೋಡ್ಕೋ" ಎಂದು ಎಬ್ಬಿಸಿದರು. ಹಾಗಾಗಿ ಕತ್ತರಿ ಅವನದು, ಕಾಗದ ಪತ್ರ ನನ್ನದು.

ನೆರೆದೇಶದ ಸರಕಿಗೆಲ್ಲ ಅರ್ಧಕ್ಕರ್ಧ ಸುಂಕ ಹಾಕಿ, ನಮ್ಮವರ ದುಡಿಮೆಗೆ ಬೇಲಿ ಕಟ್ಟಿದ್ದೇನೆ ಎಂದು ತಾವು ಘೋಷಿಸಿದ ದಿನ ಕಾರ್ಖಾನೆಯ ಟೀವಿ ಮುಂದೆ ಹನ್ನೊಂದು ಜನರಿದ್ದೆವು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನು. ಅಣ್ಣನೊಬ್ಬನೇ ಕೇಳಿದ: "ಬೇಲಿ ಸರಿ ಕಣೋ, ನಮ್ಮ ಉಕ್ಕು ಯಾವ ಕಡೆಯಿಂದ ಬರುತ್ತೆ?" ನಿನಗೆ ದೇಶದ ಮೇಲೆ ಅಭಿಮಾನವೇ ಇಲ್ಲ ಎಂದು ಅಷ್ಟೂ ಜನರ ಮುಂದೆ ಅವನಿಗೆ ಬೈದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ನನ್ನ ಪಾಡು ಅದೇ.

ನಮ್ಮ ಉಕ್ಕು ಬರುವುದು ಆ ನೆರೆದೇಶದಿಂದಲೇ. ಅದರ ಬೆಲೆ ಒಂದೇ ದಿನದಲ್ಲಿ ಏರಿತು. ತಾವು ಜಗಳವಾಡದ ಇನ್ನೊಂದು ದೇಶದಿಂದ ಸಿದ್ಧ ಕತ್ತರಿಗಳು ಮಾತ್ರ ಮೊದಲಿನಂತೆಯೇ ಹಡಗಿನಲ್ಲಿ ಬಂದಿಳಿಯುತ್ತಿವೆ. ಇವತ್ತು ಅಂಗಡಿಯಲ್ಲಿ ಪರದೇಶದ ಕತ್ತರಿ ನಮ್ಮ ಬರಿಯ ಉಕ್ಕಿನ ಪಟ್ಟಿಗಿಂತ ಅಗ್ಗ. ನಮ್ಮ ದೇಶದ ಉಕ್ಕಿನ ಗಿರಣಿಯವರೂ ಬೆಲೆ ಏರಿಸಿದರು. ಎದುರಾಳಿಯ ಕೈಕಾಲು ಕಟ್ಟಿಹಾಕಿದ ಮೇಲೆ ಅಗ್ಗಕ್ಕೆ ಮಾರಲು ಅವರಿಗೇನು ಹುಚ್ಚೇ? ಉಕ್ಕು ಕಾಯಿಸುವವರು ಒಂದು ಗಿರಣಿಯಲ್ಲಿದ್ದರೆ, ಆ ಉಕ್ಕಿನಿಂದ ಕೀಲು, ಚಾಕು, ಸೂಜಿ, ಕತ್ತರಿ ಮಾಡುವವರು ನೂರು ಬೀದಿಗಳಲ್ಲಿದ್ದಾರೆ. ಬೇಲಿ ಕಟ್ಟುವಾಗ ಈ ಲೆಕ್ಕ ಯಾರಿಗೂ ಹೊಳೆಯಲಿಲ್ಲವೇ? ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡಬೇಕು?

ಸ್ವದೇಶಿ ಉಕ್ಕನ್ನೇ ಬಳಸಿ ಎನ್ನುವಿರಿ. ಬಳಸಿದೆವು, ಸ್ವಾಮಿ. ಸೇತುವೆ ಕಟ್ಟಲು ಅದು ಬಹಳ ಒಳ್ಳೆಯ ಉಕ್ಕು. ಅಣ್ಣ ನಲವತ್ತು ಕತ್ತರಿ ಜೋಡಿಸಿದ. ಒಂದೊಂದನ್ನೂ ಕಿವಿಗೆ ಹಿಡಿದು ಪಕ್ಕಕ್ಕಿಟ್ಟ.

"ಇದು ಕತ್ತರಿಸಲ್ಲ ಕಣೋ, ಅಗಿಯುತ್ತೆ" ಎಂದ.

"ಒಂದು ಸಲ ಕಳಿಸಿ ನೋಡೋಣ. ಯಾರಿಗೆ ಗೊತ್ತಾಗುತ್ತೆ?" ಎಂದೆ.

"ಒಳಗಡೆ ನನ್ನ ಗುರುತಿರುತ್ತಲ್ಲ. ನನಗೆ ಗೊತ್ತಾಗುತ್ತೆ."

ನಲವತ್ತನ್ನೂ ಗುಜರಿಗೆ ಹಾಕಿದೆವು. ನಾಚಿಕೆಯಿಂದ ಆ ದಿನ ಅಣ್ಣನ ಜೊತೆ ಊಟಕ್ಕೆ ಕೂರಲಾಗಲಿಲ್ಲ ನನಗೆ.

ಅಷ್ಟರಲ್ಲಿ ನೆರೆಯವರೂ ಸುಮ್ಮನೆ ಕೂರಲಿಲ್ಲ, ನಮ್ಮ ಸರಕಿಗೆ ಅಷ್ಟೇ ಸುಂಕ ಹೇರಿದರು. ಹೊಲಿಗೆ ಶಾಲೆಯ ಮೇಡಂ ಫೋನ್ ಮಾಡಿದರು: "ಹೊಸ ಕತ್ತರಿ ಬೇಡ ಅನ್ನೋಕೆ ಬಾಯೇ ಬರ್ತಿಲ್ಲ. ನಿಮ್ಮ ಒಂದರ ಬೆಲೆಗೆ ಈಗ ಇಲ್ಲಿ ಎರಡು ಬರುತ್ತೆ. ಹಳೇದನ್ನಾದ್ರೂ ಸಾಣೆ ಹಿಡಿದು ಕೊಡಿ, ಇನ್ನೂ ಹತ್ತು ವರ್ಷ ಅದ್ರಲ್ಲೇ ಕಳೀತೀವಿ." ಹಾಗೆ ಹೊರಟು ಬಂದವೇ ಈ ಹನ್ನೆರಡು. ಸುಂಕ ಕಟ್ಟಿಯಾದರೂ ಬಿಡಿಸೋಣವೆಂದು ಬಂದರಿಗೆ ಹೋದೆ. ಅದಕ್ಕೂ ಆಮದುದಾರರ ಪರವಾನಗಿ ಬೇಕಂತೆ, ಸಿಗಲು ಮೂರು ತಿಂಗಳಂತೆ. ಗುಮಾಸ್ತರು ಒಳ್ಳೆಯವರು. "ನಿಮ್ದೇ ಅಂತ ನನಗೆ ಗೊತ್ತಾಗುತ್ತೆ ಸಾರ್, ಕಂಪ್ಯೂಟರಿಗೆ ಗೊತ್ತಾಗಲ್ಲ" ಎಂದು ಕೂರಿಸಿ ಟೀ ಕೊಟ್ಟರು.

ಹನ್ನೊಂದು ಜನರಲ್ಲಿ ಈಗ ನಾಲ್ವರು ಉಳಿದಿದ್ದೇವೆ. ಈ ತಿಂಗಳ ಮೂವತ್ತಕ್ಕೆ ಬಾಗಿಲು ಹಾಕುತ್ತೇವೆ. ಮಾರನೆಯ ದಿನದಿಂದ ಅಣ್ಣ ಪಾರ್ಸೆಲ್ ಗೋದಾಮೊಂದರ ಗೇಟು ಕಾಯಲಿದ್ದಾನೆ. "ಮನೇಲಿ ಕೂತ್ರೆ ಅವರು ಉಳಿಯಲ್ಲಪ್ಪ, ಎಲ್ಲಾದ್ರೂ ಕೆಲಸಕ್ಕೆ ಹಚ್ಚು" ಎಂದು ಅತ್ತಿಗೆಯೇ ನನ್ನಲ್ಲಿ ಬೇಡಿಕೊಂಡರು. ಹುಡುಕಿ ಕೊಟ್ಟವನು ನಾನೇ. ಕೆಲಸವಿಲ್ಲದಿದ್ದರೂ ಅವನು ದಿನವೂ ಬಂದು ಮೇಜನ್ನು ಒರೆಸಿ ಕೂರುತ್ತಾನೆ. ಕತ್ತರಿಗಳು ಬಂದವಾ ಎಂದು ಕೇಳುವುದಿಲ್ಲ. ನಾನು ಒಳಗೆ ಬಂದಾಗ ನನ್ನ ಕೈ ನೋಡುತ್ತಾನೆ, ಅಷ್ಟೆ.

ತಮ್ಮ ನೀತಿಯನ್ನು ಪೂರ್ತಿ ಬದಲಿಸಿ ಎಂದು ಕೇಳುವ ಶಕ್ತಿ ನನ್ನಲ್ಲಿ ಉಳಿದಿಲ್ಲ. ಒಂದು ಸಹಿಯಿಂದ ಏರಿಸಿದ ಸುಂಕವನ್ನು ತಾವು ಇನ್ನೊಂದು ಸಹಿಯಿಂದ ಇಳಿಸಿಯೂಬಿಡಬಹುದು. ಆಗ ಉಕ್ಕು ಬರುತ್ತದೆ, ಕುಲುಮೆಯೂ ಹೊತ್ತಿಕೊಳ್ಳುತ್ತದೆ, ಆ ಮೇಜಿಗೆ ಮಾತ್ರ ಯಾರೂ ಸಿಗುವುದಿಲ್ಲ. ನನ್ನ ಬೇಡಿಕೆ ಇಷ್ಟೇ: ಮೂವತ್ತರೊಳಗೆ ಆ ಹನ್ನೆರಡನ್ನು ಬಿಟ್ಟುಕೊಡಿ. ತಪ್ಪಿದರೆ ನಮಗೆ ಕಳಿಸಲೇಬೇಡಿ, ಮೊಂಡಾಗಿರುವಂತೆಯೇ ಶಾಲೆಗೆ ಹಿಂದಿರುಗಿಸಿ. ಅಣ್ಣ ಇನ್ಯಾರದೋ ಗೇಟಿನಲ್ಲಿ ನಿಂತಿರುವಾಗ ಅವು ಬಂದು ನಮ್ಮ ಬಾಗಿಲು ತಟ್ಟುವುದು ಬೇಡ.

ಇಂತಿ,
ಮುಂದಿನ ತಿಂಗಳಿಂದ ಅಂಗಡಿಯಲ್ಲಿ ಕತ್ತರಿ ಕೊಳ್ಳಬೇಕಾದ
ಒಬ್ಬ ಕತ್ತರಿ ತಯಾರಕ