ಹಡಗು ಹತ್ತುವ ಕಾಲುಗಳು

ಭಾನುವಾರ, ಮಧ್ಯಾಹ್ನ

ನನ್ನ ಚಿನಕುರುಳಿಗೆ,

ಫೋನಿನಲ್ಲಿ ಮಾತಾಡಿದರೆ ನಾವಿಬ್ಬರೂ ಒಬ್ಬರ ಮಾತಿನ ಮೇಲೆ ಒಬ್ಬರು ಹತ್ತಿ ಕೂರುತ್ತೇವೆ. ಮೊನ್ನೆ ನೀನು ಪಟ್ಟನೆ ಫೋನ್ ಇಟ್ಟ ಮೇಲೆ ನಿಮ್ಮಪ್ಪ ಏನಂದಳು ಅಂತ ಕೇಳಿದರು. ಸಿಗ್ನಲ್ ಹೋಯಿತು ಅಂದೆ. ಅವರೂ ನಂಬಿದ ಹಾಗೆ ಮಾಡಿದರು. ಅದಕ್ಕೇ ಈ ಕಾಗದ. ಇದರಲ್ಲಾದರೆ ನೀನು ಮಧ್ಯೆ ಬಾಯಿ ಹಾಕುವಂತಿಲ್ಲ, ನಾನೂ ಸಿಟ್ಟು ಬಂದಾಗ ಎದ್ದು ಹೋಗಿ ಟೀ ಕುಡಿದು ಬಂದು ಮುಂದುವರಿಸಬಹುದು.

ಮನೆಯನ್ನು ನೀನು ಈಗ ನೋಡಬೇಕು. ನಡುಮನೆಯಲ್ಲಿ ಕಿಟಕಿ ಕಡೆಗಿರುವುದೆಲ್ಲ ಹಡಗಿಗೆ, ಬಾಗಿಲ ಕಡೆಗಿರುವುದೆಲ್ಲ ಕೊಟ್ಟುಬಿಡುವುದಕ್ಕೆ. ಮಧ್ಯೆ ನಾವು ಓಡಾಡಲು ಒಂದು ಓಣಿ. ಹಡಗಿನ ಸಾಮಾನು ಸಾಗಿಸುವವರು ನಮಗೆ ಕೊಟ್ಟಿರುವುದು ಅರ್ಧ ಕಂಟೇನರ್ ಜಾಗ. ಮೊದಲು ನನಗೆ ಅದು ದೊಡ್ಡ ಬಂಗಲೆಯ ಹಾಗೆ ಕಂಡಿತ್ತು. ನಿಮ್ಮಪ್ಪ ತಾವೇ ಮಾಡಿದ ಊಟದ ಮೇಜನ್ನು ಅದರೊಳಗೆ ಸೇರಿಸಿದ ಮೇಲೆ ಸ್ನಾನದ ಮನೆಯಷ್ಟಾಯಿತು. ನಾನೇನು ಬಿಟ್ಟೇನೇ? ನನ್ನ ಅಂಗಡಿಯ ಕೆಂಪು ಕುರ್ಚಿ, ಮೇಲೆ ಕೆಳಗೆ ಹೋಗುತ್ತದಲ್ಲ ಅದು, ಬಂದೇ ಬರುತ್ತದೆ ಅಂತ ಹಟ ಹಿಡಿದೆ. ಅಲ್ಲಿ ಹೋಗಿ ಯಾರ ಕೂದಲು ಕತ್ತರಿಸುತ್ತೀಯ ಅಂತ ಕೇಳಿದರು. ಅಲ್ಲಿಯ ಹೆಂಗಸರೇನು ಬೋಳುತಲೆಯವರಾ ಅಂದೆ. ಕುರ್ಚಿ ಈಗ ಕಿಟಕಿ ಕಡೆಗಿದೆ.

ಮಿಕ್ಸರು ಬೇಡ, ಅಲ್ಲಿಯ ಕರೆಂಟಿಗೆ ಅದು ಹೊಂದುವುದಿಲ್ಲವಂತೆ. ಬೀರು ಕೆಳಗಿನ ಮನೆಯ ಟೀಚರಿಗೆ ಹೋಯಿತು. ಅವರು ಬಾಗಿಲು ಕಿರುಗುಟ್ಟುತ್ತದೆ ಅಂದರು. ಪುಕ್ಕಟೆ ಬಂದ ಬೀರು ಹಾಡನ್ನೂ ಹಾಡಲಿ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಕಂಬಳಿಗಳು, ನನ್ನ ಕತ್ತರಿಗಳು, ನಿಮ್ಮಪ್ಪನ ಅರಗಳು ಮತ್ತು ಉಳಿಗಳು, ದಪ್ಪ ತಳದ ಪಾತ್ರೆಗಳು, ಇವೆಲ್ಲ ಹೊರಟಿವೆ. ಇವುಗಳ ಬಗ್ಗೆ ಜಗಳವಿಲ್ಲ. ಜಗಳ ಬಂದದ್ದು ಅಟ್ಟದ ಮೇಲಿನ ಹಸಿರು ಟ್ರಂಕಿನಿಂದ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಓದು. ನೀನು ಹುಟ್ಟಿದಾಗ ನಿನ್ನ ಬಲಗಾಲು ಮೊಣಕಾಲಿನ ಸ್ವಲ್ಪ ಕೆಳಗೇ ನಿಂತುಬಿಟ್ಟಿತ್ತು. ಆಗ ನಿಮ್ಮಪ್ಪ ಬಾಗಿಲು ಮಂಚ ಮಾಡುವ ಬಡಗಿ. ನೀನು ನಿಲ್ಲುವ ವಯಸ್ಸಿಗೆ ಆಸ್ಪತ್ರೆಯ ಕೃತಕ ಕಾಲಿನ ಕಾರ್ಖಾನೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಮೇಸ್ತ್ರಿ ನಿನ್ನ ಮೊದಲನೇ ಕಾಲು ಮಾಡುವುದನ್ನು ನಿಮ್ಮಪ್ಪ ಬೆಳಗಿನಿಂದ ಸಂಜೆವರೆಗೆ ನಿಂತು ನೋಡಿದರು. ಮನೆಗೆ ಬಂದು, ಇನ್ನು ಇವಳ ಕಾಲು ನಾನೇ ಮಾಡುತ್ತೇನೆ ಅಂದರು. ಮಾರನೆಯ ವಾರ ಬಡಗಿ ಕೆಲಸ ಬಿಟ್ಟು ಅದೇ ಮೇಸ್ತ್ರಿಯ ಹತ್ತಿರ ಕಲಿಯಲು ಸೇರಿದರು. ಆಮೇಲೆ ನೀನು ಸರ್ವೇ ಓದಲು ಊರು ಬಿಡುವವರೆಗೆ ನಿನ್ನ ಎಲ್ಲಾ ಕಾಲುಗಳೂ ಅವರ ಕೈಯಲ್ಲೇ ಆದವು. ನೀನು ಬೆಳೆದ ಹಾಗೆಲ್ಲ ಹಳೆಯದು ಟ್ರಂಕಿಗೆ ಹೋಗುತ್ತಿತ್ತು.

ಈಗ ಸಮುದ್ರದಾಚೆಯ ಆಸ್ಪತ್ರೆಯವರು ಕರೆದಿರುವುದೂ ಆ ಕೈಯನ್ನು ನೋಡಿಯೇ. ಮಕ್ಕಳಿಗೆ ಕಾಲು ಮಾಡುವುದನ್ನು ಅಲ್ಲಿಯ ಹುಡುಗ ಹುಡುಗಿಯರಿಗೆ ಕಲಿಸಬೇಕು. ಆ ಟ್ರಂಕಿಲ್ಲದೆ ನಾನು ಹೇಗೆ ಕಲಿಸಲಿ ಅನ್ನುತ್ತಾರೆ ನಿಮ್ಮಪ್ಪ. ಒಂದೇ ಮಗು ಬೆಳೆದಂತೆ ಅದರ ಕಾಲು ಹೇಗೆ ಬದಲಾಗಬೇಕು ಅನ್ನುವುದನ್ನು ಮೊದಲಿಂದ ಕೊನೆವರೆಗೆ ತೋರಿಸಲು ಬೇರೆ ಎಲ್ಲೂ ಸಿಗುವುದಿಲ್ಲವಂತೆ.

ಸಾಮಾನು ಅಳೆಯಲು ಬಂದವನು ಒಳ್ಳೆಯ ಮನುಷ್ಯ, ಟೇಪು ಹಿಡಿದು ಹಾಡು ಗುನುಗುತ್ತಾ ಓಡಾಡುತ್ತಿದ್ದ. ಟ್ರಂಕಿನಲ್ಲಿ ಏನಿದೆ ಸಾರ್ ಅಂದ. ನಿಮ್ಮಪ್ಪ ತಲೆ ಎತ್ತದೆ, ಮಗಳ ಕಾಲುಗಳು ಅಂದರು. ಅವನ ಹಾಡು ಅಲ್ಲಿಗೇ ನಿಂತಿತು. ನಾನು ಓಡಿ ಬಂದು ಮುಚ್ಚಳ ತೆಗೆದು ತೋರಿಸಿದ ಮೇಲೆಯೇ ಅವನ ಮುಖಕ್ಕೆ ರಕ್ತ ಬಂದದ್ದು.

ಈ ತಮಾಷೆಯನ್ನು ನಿನಗೆ ಹೇಳಿ ನಗಿಸೋಣ ಅಂತಲೇ ನಾನು ಫೋನ್ ಮಾಡಿದ್ದು. ನೀನು ನಗಲಿಲ್ಲ. ಅವು ನನ್ನ ಮೈಯ ಭಾಗ, ನನ್ನನ್ನು ಕೇಳದೆ ಪರದೇಶದ ಮೇಜಿನ ಮೇಲೆ ಸಾಲಾಗಿ ಜೋಡಿಸಬೇಡಿ, ಎಲ್ಲಾ ಎಸೆದುಬಿಡಿ ಅಂದೆ. ನಾನು ನಿಮ್ಮಪ್ಪನ ಪರ ನಿಂತೆ. ಅಷ್ಟು ಮಾಡಿದವರಿಗೆ ಇಷ್ಟೂ ಕೊಡಲಾರೆಯಾ ಅಂದೆ. ಆಗಲೇ ನೀನು ಫೋನ್ ಇಟ್ಟದ್ದು.

ನಿನ್ನೆ ಬೆಳಿಗ್ಗೆ ನಿಮ್ಮಪ್ಪ ಟ್ರಂಕು ತೆಗೆದು ಒಂದೊಂದನ್ನೇ ಒರೆಸಿ ಊಟದ ಮೇಜಿನ ಮೇಲೆ ಇಟ್ಟರು. ನಾನು ಮೇಜಿನ ಇನ್ನೊಂದು ತುದಿಯಲ್ಲಿ ಗಾಜಿನ ಲೋಟಗಳಿಗೆ ಪೇಪರ್ ಸುತ್ತುತ್ತಿದ್ದೆ. ಮೊದಲನೆಯದು ನನ್ನ ಅಂಗೈಗೆ ಸ್ವಲ್ಪ ದೊಡ್ಡದು, ಅಷ್ಟೇ. ಎದುರು ಮನೆಯ ನಾಯಿ ಕಚ್ಚಿದ ಗುರುತಿರುವುದು ಒಂದು. ನಾಯಿಗೇ ಹಲ್ಲು ನೋವು ಬಂದಿತ್ತು, ನೆನಪಿದೆಯಾ? ಚರ್ಮದ ಪಟ್ಟಿಗೆ ಇನ್ನೊಂದು ತುಂಡು ಸೇರಿಸಿ ಹೊಲಿದದ್ದು ಒಂದು. ಆ ವರ್ಷ ನೀನು ಹೇಗೆ ಊದಿಕೊಂಡಿದ್ದೆ! ನಿನ್ನ ಹಟಕ್ಕೆ ನೀಲಿ ಬಣ್ಣ ಬಳಿದದ್ದು ಇನ್ನೊಂದು.

ಅದರ ಪಕ್ಕದಲ್ಲಿಟ್ಟದ್ದನ್ನು ನಾನು ಸುಮ್ಮನೆ ಎತ್ತಿ ನೋಡಿದೆ. ಬೇರೆಯವುಗಳ ಅಂಗಾಲೆಲ್ಲ ಸವೆದು ಹಿಮ್ಮಡಿ ಓರೆಯಾಗಿದೆ. ಇದರ ಅಂಗಾಲು ಅಂಗಡಿಯಿಂದ ತಂದ ಚಪ್ಪಲಿಯ ಹಾಗಿದೆ. ಇದೇನು ಇದನ್ನು ಹಾಕಲೇ ಇಲ್ಲವಾ ಅಂದೆ. ನಿಮ್ಮಪ್ಪ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ಅಂಗಾಲನ್ನು ಇನ್ನೊಮ್ಮೆ ಬಟ್ಟೆಯಿಂದ ಒರೆಸಿದರು. ಆಮೇಲೆ ಹೇಳಿದರು.

ನೀನು ದೊಡ್ಡ ಸ್ಕೂಲಿಗೆ ಸೇರಿದ ವರ್ಷದ್ದು ಅದು. ಬೆಳಿಗ್ಗೆ ಹಾಕಿಕೊಂಡು ಹೋಗುತ್ತಿದ್ದೆ, ಸಂಜೆ ಹಾಕಿಕೊಂಡೇ ಬರುತ್ತಿದ್ದೆ. ಆದರೆ ಅಂಗಾಲು ಸವೆಯುತ್ತಿರಲಿಲ್ಲ. ಮಧ್ಯೆ ಬಿಚ್ಚಿಡುತ್ತಿದ್ದಾಳೆ, ಅಂದರೆ ನೋಯುತ್ತಿದೆ, ನನಗೆ ಬೇಜಾರಾಗುತ್ತದೆ ಅಂತ ಹೇಳುತ್ತಿಲ್ಲ ಅಂತ ಅವರು ತಿಳಿದುಕೊಂಡರು. ನಿನ್ನ ಮೊಣಕಾಲು ಕೂರುವ ಬಟ್ಟಲನ್ನು ಎಲ್ಲಿ ತಪ್ಪಾಗಿ ಕೊರೆದೆ ಅಂತ ಹುಡುಕಿ ಹುಡುಕಿ ಸೋತರು. ಕೊನೆಗೆ ಹೊಸದಾಗಿ ಅಚ್ಚು ತೆಗೆದು ಬೇರೆ ಕಾಲು ಮಾಡಿದರು. ನೀನು ಬೆಳೆದಿದ್ದೀಯ, ಅದಕ್ಕೆ ಹೊಸದು ಅಂತ ಸುಳ್ಳು ಹೇಳಿದರು. ನನಗೂ ಅದನ್ನೇ ಹೇಳಿದ್ದರು ನೋಡು. ಅಂದಿನಿಂದ ಯಾವ ಮಗು ಬಂದರೂ, ಚೆನ್ನಾಗಿದೆ ಅಂದರೆ ನಂಬದೆ, ಅದು ಆಡುವಾಗ ಮರೆಯಲ್ಲಿ ನಿಂತು ನೋಡುವುದನ್ನು ಕಲಿತರಂತೆ. ಎಲ್ಲಕ್ಕಿಂತ ಮೊದಲು ಈ ಕಾಲೇ ನನಗೆ ಬೇಕು, ಚೆನ್ನಾಗಿ ಬಂದದ್ದನ್ನು ಯಾರು ಬೇಕಾದರೂ ತೋರಿಸುತ್ತಾರೆ ಅಂದರು.

ಅವರ ಮಾತು ಸರಿ ಅನ್ನಿಸಿತು. ಆದರೆ ಅದೇ ಹೊತ್ತಿಗೆ ನಿನ್ನ ಮಾತೂ ನೆನಪಾಯಿತು. ಮೇಜಿನ ಮೇಲೆ ಅವೆಲ್ಲ ಸಾಲಾಗಿ ನಿಂತಿದ್ದವು. ನೀನು ಒಳಗೆ ಬಂದು ಅದನ್ನು ನೋಡಿದ್ದರೆ ಏನನ್ನಿಸುತ್ತಿತ್ತು? ನಾನು ಹೇಳಿದೆ: ತಪ್ಪು ನಿಮ್ಮದು, ಅದನ್ನು ನೀವು ಎಲ್ಲಿಗೆ ಬೇಕಾದರೂ ಹೊತ್ತುಕೊಂಡು ಹೋಗಿ. ಕಾಲು ಅವಳದು. ಅವಳು ಹೂಂ ಅನ್ನದೆ ಇದು ಈ ಮನೆಯ ಹೊಸಿಲು ದಾಟುವುದಿಲ್ಲ. ನಿಮ್ಮಪ್ಪ ಜಗಳಕ್ಕೆ ಬರಲಿಲ್ಲ. ಹಾಗಾದರೆ ಕೇಳು ಅಂದರು, ಅಷ್ಟೇ.

ಅದಕ್ಕೇ ಕೇಳುತ್ತಿದ್ದೇನೆ. ಬೇಡ ಅಂದರೆ ಟ್ರಂಕು ಹೋಗುವುದಿಲ್ಲ. ನಿಮ್ಮಪ್ಪನೇ ಕಾರ್ಖಾನೆಗೆ ಕೊಂಡೊಯ್ದು, ಕೆಲಸಕ್ಕೆ ಬರುವ ಸ್ಕ್ರೂ, ಪಾದ ಬಿಚ್ಚಿಕೊಟ್ಟು ಉಳಿದದ್ದನ್ನು ಇಲ್ಲದ ಹಾಗೆ ಮಾಡುತ್ತಾರೆ. ಮುಖ ಸಣ್ಣ ಮಾಡಿಕೊಳ್ಳದ ಹಾಗೆ ನಾನು ನೋಡಿಕೊಳ್ಳುತ್ತೇನೆ. ಈ ಶನಿವಾರ ಬಿಟ್ಟು ಮುಂದಿನ ಶನಿವಾರ ಪ್ಯಾಕಿಂಗಿನವರು ಬರುತ್ತಾರೆ. ಅಲ್ಲಿಯವರೆಗೆ ಟ್ರಂಕು ಓಣಿಯಲ್ಲೇ ಇರುತ್ತದೆ, ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ. ಹೋಗುತ್ತಾ ಬರುತ್ತಾ ನನ್ನ ಮೊಣಕಾಲಿಗೆ ಬಡಿಯುತ್ತಿದೆ. ಬೇಗ ಉತ್ತರ ಬರೆ.

ಇತಿ ನಿನ್ನ ಅಡ್ಡಬಾಯಿ,
ಅಮ್ಮ

ಶನಿವಾರ, ರಸ್ತೆ ಬದಿ

ಅಮ್ಮಾ,

ನಿನ್ನ ಕಾಗದವನ್ನು ಬುಧವಾರ ಸರ್ವೇ ಉಪಕರಣದ ಪೆಟ್ಟಿಗೆಯ ಮೇಲೆ ಕೂತು ಓದಿದೆ. ನನ್ನ ಜೊತೆ ಅಳತೆ ಕೋಲು ಹಿಡಿಯುವವನು ದೂರದಲ್ಲಿ ಕೋಲು ನೆಟ್ಟುಕೊಂಡು ನಿಂತೇ ಇದ್ದ. ಅಳತೆ ಆಯಿತು ಅಂತ ಕೈ ಎತ್ತುವುದನ್ನೇ ನಾನು ಮರೆತಿದ್ದೆ. ಯಾರದಾದರೂ ಸಾವಿನ ಸುದ್ದಿಯಾ ಅಂತ ಹತ್ತಿರ ಬಂದು ಕೇಳಿದ. ಇಲ್ಲ, ನನ್ನ ಕಾಲುಗಳ ಸುದ್ದಿ ಅಂದೆ. ಅವನೂ ನಿನ್ನ ಟೇಪಿನ ಮನುಷ್ಯನ ಹಾಗೆಯೇ ನೋಡಿದ.

ನೀನು ನನ್ನನ್ನು ಕೇಳಿದೆಯಲ್ಲ, ಅದು ಬಹಳ ದೊಡ್ಡದು. ಹಾಗಾಗಿ ನಾನೂ ಒಂದು ಮಾತು ಹೇಳುತ್ತೇನೆ. ಸಣ್ಣವಳಿದ್ದಾಗ ಕಾರ್ಖಾನೆಗೆ ಯಾರಾದರೂ ದೊಡ್ಡ ಮನುಷ್ಯರು ಬಂದರೆ ಅಪ್ಪ ನನ್ನನ್ನು ಉದ್ದನೆಯ ಬೆಂಚಿನ ಮೇಲೆ ಹತ್ತಿಸಿ, ನಡೆದು ತೋರಿಸು ಪುಟ್ಟಾ ಅನ್ನುತ್ತಿದ್ದರು. ನಾನು ಆ ತುದಿಗೆ ಹೋಗಿ ಈ ತುದಿಗೆ ಬರುತ್ತಿದ್ದೆ. ಎಲ್ಲರೂ ಅಪ್ಪನ ಬೆನ್ನು ತಟ್ಟುತ್ತಿದ್ದರು. ನನ್ನ ಮುಖವನ್ನು ಯಾರೂ ನೋಡುತ್ತಿರಲಿಲ್ಲ. ಅಪ್ಪನಿಗೆ ಎಷ್ಟು ಹೆಮ್ಮೆ ಅಂತ ಗೊತ್ತಿತ್ತು, ಅದಕ್ಕೇ ಇಳಿಯುತ್ತಿರಲಿಲ್ಲ. ಸಾಲಾಗಿ ಜೋಡಿಸುತ್ತಾರೆ ಅಂದಾಗ ಆ ಬೆಂಚೇ ನನ್ನ ಕಣ್ಣಿಗೆ ಕಟ್ಟಿತು. ಅಪ್ಪನ ಮೇಲೆ ಸಿಟ್ಟಲ್ಲ ಅಮ್ಮ. ಬೆಂಚಿನ ಮೇಲೆ.

ಮೂರು ದಿನ ಯೋಚನೆ ಮಾಡಿದೆ. ಟ್ರಂಕು ಹೋಗಲಿ.

ಆದರೆ ಅದು ಒಂಟಿಯಾಗಿ ಹೋಗಬಾರದು. ರಜೆಗೆ ಅರ್ಜಿ ಹಾಕಿದ್ದೇನೆ, ಮೇಲಧಿಕಾರಿ ಗೊಣಗಿದರೂ ಸಹಿ ಹಾಕಿದರು. ಅಪ್ಪನ ಮೊದಲನೇ ಪಾಠಕ್ಕೆ ನಾನು ಅಲ್ಲಿರುತ್ತೇನೆ. ಕುರ್ಚಿಯ ಮೇಲೆ ಕೂತಿರುತ್ತೇನೆ, ಬೆಂಚಿನ ಮೇಲಲ್ಲ. ಪ್ರತಿಯೊಂದು ಕಾಲನ್ನು ಎತ್ತಿದಾಗ ಅಪ್ಪ ಅದನ್ನು ಹೇಗೆ ಮಾಡಿದರು ಅಂತ ಹೇಳಲಿ. ಅದರ ಮೇಲೆ ನಿಂತರೆ ಹೇಗಿತ್ತು ಅಂತ ನಾನು ಹೇಳುತ್ತೇನೆ. ಯಾವುದು ಬೇಸಿಗೆಯಲ್ಲಿ ಕಚ್ಚುತ್ತಿತ್ತು, ಯಾವುದನ್ನು ಹಾಕಿಕೊಂಡು ಮರ ಹತ್ತಬಹುದಿತ್ತು, ಯಾವುದರ ಸದ್ದು ಕೇಳಿ ಕ್ಲಾಸಿನವರೆಲ್ಲ ತಿರುಗಿ ನೋಡುತ್ತಿದ್ದರು, ಇದೆಲ್ಲ ಅಪ್ಪನಿಗೂ ಗೊತ್ತಿಲ್ಲ. ಆ ಹುಡುಗ ಹುಡುಗಿಯರು ನನ್ನನ್ನು ಏನು ಬೇಕಾದರೂ ಕೇಳಲಿ. ನಡೆದು ತೋರಿಸು ಅಂತ ಮಾತ್ರ ಕೇಳಬಾರದು. ಇದನ್ನು ಅಪ್ಪನಿಗೆ ಹೀಗೆಯೇ ಓದಿ ಹೇಳು, ಮೆತ್ತಗೆ ಮಾಡಬೇಡ. ಅವರು ತಡೆದುಕೊಳ್ಳುತ್ತಾರೆ.

ಇನ್ನೊಂದು. ನೀಲಿ ಕಾಲನ್ನು ಟ್ರಂಕಿಗೆ ಹಾಕಬೇಡಿ. ಅದು ನನಗೆ ಬೇಕು. ಆ ಬಣ್ಣ ನಾನೇ ಆರಿಸಿದ್ದು. ಕೆಳಗಿನ ಟೀಚರ ಹತ್ತಿರ ಕೊಟ್ಟಿರು, ಈ ಕಡೆ ಕೆಲಸ ಮುಗಿದ ಮೇಲೆ ಬಂದು ತೆಗೆದುಕೊಳ್ಳುತ್ತೇನೆ.

ನಿನ್ನ ಕೆಂಪು ಕುರ್ಚಿ ಹೊರಟಿದ್ದು ಒಳ್ಳೆಯದಾಯಿತು. ಅಲ್ಲಿ ಬಂದಾಗ ನನ್ನ ಕೂದಲು ನೀನೇ ಕತ್ತರಿಸು. ಇಲ್ಲಿಯವಳು ನನ್ನನ್ನು ತೆಂಗಿನಕಾಯಿ ಮಾಡಿಟ್ಟಿದ್ದಾಳೆ.

ನಿನ್ನ
ಚಿನಕುರುಳಿ

ತಾ.ಕ.: ಇದನ್ನು ಮಾತ್ರ ಅಪ್ಪನಿಗೆ ಓದಬೇಡ. ಅಂಗಾಲು ಸವೆಯದ ಆ ಕಾಲು ನೋಯುತ್ತಲೇ ಇರಲಿಲ್ಲ. ಬಟ್ಟಲಿನಲ್ಲಿ ಒಂದು ಎಳೆಯಷ್ಟೂ ತಪ್ಪಿರಲಿಲ್ಲ, ಅದಕ್ಕೇ ಅಪ್ಪ ಎಷ್ಟು ಹುಡುಕಿದರೂ ಸಿಗಲಿಲ್ಲ. ಹೊಸ ಸ್ಕೂಲಿನ ಹಿಂದಿನ ಮೈದಾನದಲ್ಲಿ ಹುಡುಗಿಯರು ಫುಟ್‌ಬಾಲ್ ಆಡುತ್ತಿದ್ದರು. ಆಟದ ಸಾಮಾನಿನ ಕೋಣೆಯಲ್ಲಿ ಯಾರೋ ಬಿಟ್ಟುಹೋದ ಒಂದು ಜೊತೆ ಊರುಗೋಲು ಸಿಕ್ಕಿತು. ಕಾಲು ಹಾಕಿಕೊಂಡು ನಾನು ನಡೆಯುತ್ತಿದ್ದೆ. ಅದನ್ನು ಬಿಚ್ಚಿಟ್ಟು ಊರುಗೋಲು ಹಿಡಿದರೆ ಹಾರುತ್ತಿದ್ದೆ. ಪ್ರತಿ ಬಿಡುವಿನಲ್ಲೂ, ಸ್ಕೂಲು ಬಿಟ್ಟ ಮೇಲೂ ಆಡಿದೆ, ಕತ್ತಲಾಗುವ ಮುಂಚೆ ಕಾಲು ಕಟ್ಟಿಕೊಂಡು ಮನೆಗೆ ಬಂದೆ. ಹೊಸ ಕಾಲು ಬರುವ ಹೊತ್ತಿಗೆ ಊರುಗೋಲಿನವರು ಅದನ್ನು ವಾಪಸು ಒಯ್ದಿದ್ದರು, ಆಟವೂ ನಿಂತಿತ್ತು. ಇಲ್ಲದ ತಪ್ಪೊಂದನ್ನು ಹುಡುಕುತ್ತಾ ಅಪ್ಪ ಎಷ್ಟೊಂದು ಮಕ್ಕಳ ಆಟ ನೋಡಿದರು ಅಂತ ನಿನ್ನ ಕಾಗದದಿಂದಲೇ ನನಗೆ ಗೊತ್ತಾದದ್ದು. ಪಾಠಕ್ಕೆ ಮುಂಚೆ, ಆ ಕಾಲನ್ನು ಅವರ ಕೈಗೆ ಕೊಟ್ಟು ನಾನೇ ಹೇಳುತ್ತೇನೆ. ಅಲ್ಲಿಯವರೆಗೆ ನೀನು ಬಾಯಿ ಬಿಗಿ ಹಿಡಿದಿರು, ಕಷ್ಟ ಅಂತ ಗೊತ್ತು. ನನಗೆ ಒಂದೇ ಬೇಜಾರು: ಆ ವರ್ಷ ನಾನು ಹೊಡೆದ ಗೋಲುಗಳನ್ನು ನೀವಿಬ್ಬರೂ ನೋಡಲಿಲ್ಲ.